ನಾಲ್ಕು ಕೊಡ ನೀರು ಹೊರುವ ಕರಿಬಸಮ್ಮ

ಸರ್ಕಾರ ಕೊಡುವ ಐವತ್ತು ರೂಪಾಯಿಗೆ ಒಬ್ಬ ಮನುಷ್ಯ ಎಷ್ಟು ಹೆದರಬಹುದು ಎಂದು ಯಾರಾದರೂ ಕೇಳಿದರೆ ನಾನು ಕರಿಬಸಮ್ಮನ ಹೆಸರು ಹೇಳುತ್ತೇನೆ. ಅದೇ ಐವತ್ತು ರೂಪಾಯಿಗಾಗಿ ತಾಲ್ಲೂಕಿನ ಅಮಲ್ದಾರರ ಮುಂದೆ ತಲೆ ಬಗ್ಗಿಸದೆ ನಿಂತವರು ಯಾರು ಎಂದು ಕೇಳಿದರೂ ಅವಳ ಹೆಸರನ್ನೇ ಹೇಳುತ್ತೇನೆ. ನಾನು ಗಂಗಾಧರಯ್ಯ, ಶಿವನಿಯ ಸುತ್ತ ಐದು ಹಳ್ಳಿಗೆ ಮೂವತ್ತು ವರ್ಷ ಟಪಾಲು ಹಂಚಿದವನು. ಅವಳ ದುಡ್ಡನ್ನು ತಂದುಕೊಡುತ್ತಿದ್ದವನು ನಾನು. ಅದು ನಿಂತುಹೋಗುವಂತೆ ಮಾಡಿದವರಲ್ಲಿ ಒಬ್ಬನೂ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ.

ಕರಿಬಸಮ್ಮ ನಮ್ಮೂರಿನವಳು, ನಮ್ಮ ಮನೆಯಿಂದ ಮೂರನೇ ಮನೆ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಬಿದ್ದುಹೋಯಿತು. ಕಾಲು ಇತ್ತು, ಆದರೆ ಬೆಳೆಯಲಿಲ್ಲ, ಅದರಲ್ಲಿ ಬಲವಿರಲಿಲ್ಲ. ಎಡಗೈಯನ್ನು ಎಡ ಮೊಣಕಾಲಿನ ಮೇಲಿಟ್ಟು ಅದುಮಿ, ಸೊಂಟ ಬಗ್ಗಿಸಿ, ಒಂದೊಂದೇ ಹೆಜ್ಜೆ ಇಡಬೇಕು. ಏಳನೇ ಕ್ಲಾಸಿನವರೆಗೆ ಓದಿದಳು, ಏಕೆಂದರೆ ಏಳರವರೆಗಿನ ಸ್ಕೂಲು ಊರಲ್ಲೇ ಇತ್ತು. ಎಂಟಕ್ಕೆ ಶಿವನಿಗೆ ಎರಡು ಮೈಲಿ ನಡೆಯಬೇಕಿತ್ತು. ಅಲ್ಲಿಗೆ ಓದು ಮುಗಿಯಿತು.

ತಂದೆ ತಾಯಿ ಇಬ್ಬರೂ ಹೋದ ಮೇಲೆ ಅಣ್ಣ ದೇವೀರಪ್ಪನ ಮನೆಯಲ್ಲಿದ್ದಳು. ಅಣ್ಣ ಕೆಟ್ಟವನಲ್ಲ. ಅತ್ತಿಗೆ ವಿಮಲಮ್ಮನೂ ಕೆಟ್ಟವಳಲ್ಲ. ಕಥೆಗಳಲ್ಲಿ ಬರುವ ಅತ್ತಿಗೆಯರನ್ನು ಇಲ್ಲಿ ಯಾರೂ ಹುಡುಕಬೇಡಿ. ಹೊಟ್ಟೆ ತುಂಬ ಹಾಕುತ್ತಿದ್ದರು, ಹಬ್ಬಕ್ಕೆ ಸೀರೆ ತರುತ್ತಿದ್ದರು. ಆದರೆ ಕೈಯಲ್ಲಿ ಕಾಸಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಇರುವುದು ಎಂದರೆ ಏನು ಎಂದು ಇದ್ದವರಿಗೇ ಗೊತ್ತು. ಬಿತ್ತನೆಗೆ ಮುಂಚೆ ಕಡಲೆಕಾಯಿ ಸುಲಿಯುವುದು, ಹುಣಸೆಹಣ್ಣಿನ ಕಾಲದಲ್ಲಿ ಬೀಜ ಬಿಡಿಸುವುದು, ಹೀಗೆ ವರ್ಷಕ್ಕೆ ಎರಡು ತಿಂಗಳು ಅವಳಿಗೆ ಕೂತು ಮಾಡುವ ಕೂಲಿ ಸಿಗುತ್ತಿತ್ತು. ಉಳಿದ ಹತ್ತು ತಿಂಗಳು ಅಣ್ಣನ ಮುಖ ನೋಡಬೇಕು.

ಸಾವಿರದ ಒಂಬೈನೂರ ಎಂಬತ್ತರಲ್ಲಿ ಅವಳಿಗೆ ಅಂಗವಿಕಲರ ಮಾಸಾಶನ ಮಂಜೂರಾಯಿತು. ಮೊದಲ ಮನಿಯಾರ್ಡರಿಗೆ ಸಹಿ ಹಾಕಿ, ಆ ದುಡ್ಡಿನಲ್ಲಿ ಮನೆಗೆ ಬೆಲ್ಲ, ಕಾಫಿಪುಡಿ ತರಿಸಿದಳು. ಮಾರನೆಯ ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ವಿಮಲಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ಕರಿಬಸಮ್ಮ ಕುಡಿದು ಮುಗಿಸಿ, “ಅತ್ಗೆ, ಇನ್ನೊಂದ್ ಲೋಟ ಕೊಡು” ಎಂದಳು. ವಿಮಲಮ್ಮ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ತಾಯಿ ಸತ್ತ ಆರು ವರ್ಷದಲ್ಲಿ ಅವಳು ಆ ಮನೆಯಲ್ಲಿ ಎರಡನೇ ಲೋಟ ಕೇಳಿದ್ದು ಅದೇ ಮೊದಲು. ಐವತ್ತು ರೂಪಾಯಿ ಎಂದರೆ ಅವಳಿಗೆ ಅದು.

ಆದರೆ ಕೊಟ್ಟವರು ಕೊಟ್ಟು ಸುಮ್ಮನಿರುವವರಲ್ಲ. ವರ್ಷಕ್ಕೊಂದು ಸಲ ಪರಿಶೀಲನೆ. ಇವರು ನಿಜವಾಗಿಯೂ ಅಂಗವಿಕಲರೇ, ಬದುಕಿದ್ದಾರೆಯೇ, ದುಡಿಯುವ ಶಕ್ತಿ ಬಂದುಬಿಟ್ಟಿದೆಯೇ ಎಂದು ನೋಡುವುದು. ಯಾವುದೋ ಊರಿನಲ್ಲಿ ಒಬ್ಬ ಕುಂಟ ಸಂತೆಯಲ್ಲಿ ಮೂಟೆ ಎತ್ತುತ್ತಿದ್ದುದನ್ನು ನೋಡಿ ಹೆಸರು ಹೊಡೆದುಹಾಕಿದರಂತೆ ಎಂಬ ಸುದ್ದಿ ಬಂದಿತ್ತು. ನಿಜವೋ ಸುಳ್ಳೋ, ಕರಿಬಸಮ್ಮನ ಎದೆಯಲ್ಲಿ ಅದು ಕೂತುಬಿಟ್ಟಿತು. ಅಂದಿನಿಂದ ಮೋಟರ್ ಬೈಕಿನ ಸದ್ದು ಕೇಳಿದರೆ ಸಾಕು, ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದವಳು ಮೊರದ ಮೇಲೆ ಸೆರಗು ಹಾಕಿ ಕೂರುತ್ತಿದ್ದಳು. ಪರಿಶೀಲನೆಯ ತಿಂಗಳು ಹತ್ತಿರ ಬಂದರೆ ಊಟ ಸೇರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಬರುತ್ತಿತ್ತು. ಒಂದು ಸಲ ನನ್ನ ಹತ್ತಿರ ಹೇಳಿದಳು:

“ಗಂಗಾಧರಣ್ಣ, ಕದ್ದೋರು ಬಚ್ಚಿಟ್ಕೋತಾರೆ. ನಾನು ದುಡಿದಿದ್ನ ಬಚ್ಚಿಟ್ಕೋಬೇಕಲ್ಲ, ಇದ್ಯಾವ ನ್ಯಾಯ ಕಣಣ್ಣ?”

ಸರ್ಕಾರದ ವಿಷಯ, ಸುಮ್ಮನಿರು ಎಂದೆ. ಬೇರೆಯವರ ಹೆದರಿಕೆಗೆ ನಾವು ಕೊಡುವ ಉತ್ತರ ಎಷ್ಟು ಸುಲಭ!

ಹೀಗೆ ಐದು ವರ್ಷ ನಡೆಯಿತು. ಎಂಬತ್ತೈದರ ಮೇ ತಿಂಗಳಲ್ಲಿ ಆಗಬಾರದ್ದು ಆಯಿತು.

ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ಕೇಳುವವರು ನೇರ ಮನೆಗೆ ಬರುವುದಿಲ್ಲ. ಮೊದಲು ಒಬ್ಬನನ್ನು ಕಳಿಸುತ್ತಾರೆ. ಅವನು ನೀರಿನ ಹತ್ತಿರವೋ ಅಂಗಡಿಯ ಹತ್ತಿರವೋ ನಿಂತು, ಇಂಥವರ ಮನೆ ಹುಡುಗಿ ಹೇಗೆ, ಕೆಲಸ ಬೊಗಸೆ ಹೇಗೆ ಎಂದು ವಿಚಾರಿಸುತ್ತಾನೆ. ಆಗ ಹುಡುಗಿಯನ್ನು ಹೊಗಳುವುದು ಊರಿನವರ ಧರ್ಮ. ಐಬು ಇದ್ದರೆ ಮುಚ್ಚಬೇಕು, ಇಲ್ಲದ ಗುಣವನ್ನೂ ನಾಲ್ಕು ಸೇರಿಸಬೇಕು. ನಿಜ ಹೇಳಿ ಸಂಬಂಧ ತಪ್ಪಿಸಿದವರನ್ನು ಊರು ಹತ್ತು ವರ್ಷ ಕ್ಷಮಿಸುವುದಿಲ್ಲ. ಆ ತಿಂಗಳು ಪಂಚನಹಳ್ಳಿಯ ಕಡೆಯ ಒಬ್ಬ ಎರಡನೇ ಸಂಬಂಧದವನು ಕರಿಬಸಮ್ಮನನ್ನು ಕೇಳಬಹುದು ಎಂಬ ಮಾತು ಊರಿನಲ್ಲಿ ಓಡಾಡುತ್ತಿತ್ತು.

ಬೆಳಗ್ಗೆ ಹತ್ತು ಗಂಟೆ ಇರಬಹುದು. ಬೋರಿಂಗಿನ ಹತ್ತಿರ ಕರಿಬಸಮ್ಮನ ಪಕ್ಕದ ಮನೆಯ ಶಂಕರಮ್ಮ ಕೊಡಕ್ಕೆ ನೀರು ಹೊಡೆಯುತ್ತಿದ್ದಳು. ನಾನು ಸೈಕಲ್ ನಿಲ್ಲಿಸಿ ಕೈಕಾಲು ತೊಳೆಯುತ್ತಿದ್ದೆ. ಬಿಳಿ ಅಂಗಿಯ, ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡ ಒಬ್ಬ ಹೊಸ ಮನುಷ್ಯ ನಡೆದುಕೊಂಡು ಬಂದ.

“ಕರಿಬಸಮ್ಮ ಅನ್ನೋರು ಇದೇ ಊರಾ? ಮನೆ ಬೀಗ ಹಾಕಿದೆಯಲ್ಲ. ಹೇಗಿದ್ದಾರೆ ಅವರು? ಕೆಲಸ ಎಲ್ಲ ಮಾಡ್ತಾರಾ?” ಎಂದು ಕೇಳಿದ.

ಶಂಕರಮ್ಮ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಸೆರಗು ಸರಿಮಾಡಿಕೊಂಡು ಶುರು ಮಾಡಿದಳು.

“ಏನ್ ಕೇಳ್ತೀರಾ ಸ್ವಾಮಿ! ಹೊತ್ತು ಹುಟ್ಟೋದ್ರೊಳಗೆ ನಾಲ್ಕ್ ಕೊಡ ನೀರು ಹೊತ್ತಾಕ್ತಾಳೆ. ಇಪ್ಪತ್ತ್ ಜನ ಬಂದ್ರೂ ಒಬ್ಳೇ ಕೂತು ರೊಟ್ಟಿ ತಟ್ತಾಳೆ. ಈಗ್ಲೂ ಷಣ್ಮುಖಪ್ಪನೋರ ಕಣದಾಗೆ ಕೆಲ್ಸಕ್ಕೆ ಹೋಗೌಳೆ.”

“ಕಾಲು?”

“ಕಾಲಿಗೇನಾಗೈತೆ? ಸಣ್ಣೋಳಿದ್ದಾಗ ಒಂಚೂರು ಜ್ವರ ಬಂದಿತ್ತು. ಈಗೇನಿಲ್ಲ.”

ನಾನು ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? “ಓದ್ಕೊಂಡೋಳು ಕಣ್ರೀ, ಶಿವನಿಗೆ ನಡ್ಕೊಂಡೇ ಹೋಗಿ ಬತ್ತಾಳೆ” ಎಂದು ನನ್ನ ಪಾಲಿನದ್ದನ್ನೂ ಸೇರಿಸಿದೆ. ಜೀವಮಾನದಲ್ಲಿ ಅವಳು ಶಿವನಿಗೆ ನಡೆದವಳಲ್ಲ. ಆ ಮನುಷ್ಯ ಚೀಲದಿಂದ ಕಾಗದ ತೆಗೆದು ಬರೆದುಕೊಂಡ. ಹೆಣ್ಣು ವಿಚಾರಿಸಲು ಬಂದವನು ಬರೆದುಕೊಳ್ಳುವುದನ್ನು ನಾನು ಎಂದೂ ನೋಡಿರಲಿಲ್ಲ. ಆಗಲೇ ತಲೆಗೆ ಹೊಳೆಯಬೇಕಿತ್ತು. ಓದುಬಲ್ಲ ಸಂಬಂಧ ಇರಬೇಕು ಎಂದುಕೊಂಡು ಖುಷಿಪಟ್ಟೆ, ನನ್ನ ಬುದ್ಧಿಗಿಷ್ಟು!

ಜೂನ್ ತಿಂಗಳ ಮನಿಯಾರ್ಡರ್ ಬರಲಿಲ್ಲ. ತಡವಾಗಿರಬೇಕು ಎಂದೆ. ಜುಲೈನದ್ದೂ ಬರಲಿಲ್ಲ. ನಾನು ಅವರ ಬೀದಿಗೆ ತಿರುಗಿದರೆ ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಿರುತ್ತಿದ್ದಳು. ನನ್ನ ಕೈ ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು. ಆಗಸ್ಟಿನಲ್ಲಿ ತಾಲ್ಲೂಕು ಕಚೇರಿಯಿಂದ ರಿಜಿಸ್ಟರ್ ಕಾಗದ ಬಂತು. ಸಹಿ ಹಾಕಿಸಿಕೊಂಡು ಕೊಟ್ಟೆ. ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಸ್ಥಳ ಪರಿಶೀಲನೆಯಲ್ಲಿ, ನೆರೆಹೊರೆಯವರ ಹೇಳಿಕೆಯಂತೆ, ಫಲಾನುಭವಿಯು ದಿನಕ್ಕೆ ನಾಲ್ಕು ಕೊಡ ನೀರು ಹೊರುತ್ತಾಳೆಂದೂ, ಕೂಲಿಗೆ ಹೋಗುತ್ತಾಳೆಂದೂ, ಶಿವನಿಗೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಾಳೆಂದೂ ತಿಳಿದುಬಂದಿದೆ. ಮಾಸಾಶನವನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಇಂಥ ದಿನ ಅಮಲ್ದಾರರ ಮುಂದೆ ಹಾಜರಾಗಿ ಕಾರಣ ಹೇಳಬೇಕು.

ನನ್ನದೇ ಮಾತು ಸರ್ಕಾರಿ ಭಾಷೆಯಲ್ಲಿ ನನ್ನ ಕಿವಿಗೆ ಬಿತ್ತು. ಅಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ. ಅವಳು ಕಾಗದವನ್ನು ಮಡಿಸಿ ಮೊಣಕಾಲ ಮೇಲಿಟ್ಟಳು.

“ಕಾಲೈತೆ ಅಂದ್ರೆ ಪೆನ್ಸನ್ನಿಲ್ಲ, ಕಾಲಿಲ್ಲ ಅಂದ್ರೆ ಗಂಡಿಲ್ಲ” ಎಂದಳು. “ನನ್ ಕಾಲಿನ ವಿಚಾರ ಊರೋರೆಲ್ಲ ಮಾತಾಡಿದ್ರಿ. ನನ್ನ ಒಂದು ಮಾತು ಕೇಳ್ಬೇಕು ಅಂತ ಒಬ್ರಿಗೂ ಅನ್ನಿಸ್ಲಿಲ್ವಾ?”

ದೇವೀರಪ್ಪ ಕಂಗಾಲಾದ. ಕಚೇರಿಯ ವ್ಯವಹಾರ ಅರಿತವರನ್ನು ಕೇಳಿಕೊಂಡು ಬಂದು ತಂಗಿಗೆ ಬುದ್ಧಿ ಹೇಳಿದ: ಹರಿದ ಸೀರೆ ಉಟ್ಟುಕೋ, ಎಣ್ಣೆ ಹಾಕದೆ ತಲೆ ಕೆದರಿಕೋ, ಮೆಟ್ಟಿಲ ಹತ್ತಿರ ನಡೆಯಬೇಡ, ತೆವಳಿಕೊಂಡು ಒಳಗೆ ಹೋಗು, ಏನು ಕೇಳಿದರೂ ಅಳು. ಅವನಿಗೆ ತಂಗಿಯ ಮೇಲೆ ಪ್ರೀತಿಯಿತ್ತು. ಅದಕ್ಕೇ ಹೇಳಿದ.

ಆ ವಾರದ ಒಂದು ಮಧ್ಯಾಹ್ನದ ವಿಷಯವನ್ನು ಅವಳೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ತೆವಳುವುದನ್ನು ಅಭ್ಯಾಸ ಮಾಡಿದಳಂತೆ. ನಾಲ್ಕು ವರ್ಷದವಳಿದ್ದಾಗ ಜ್ವರ ಬಿಟ್ಟ ಮೇಲೆ ಹಾಗೆ ತೆವಳಿದ್ದು ಬಿಟ್ಟರೆ ಮತ್ತೆಂದೂ ತೆವಳಿರಲಿಲ್ಲ. ಕಂಬ ಹಿಡಿದು, ಗೋಡೆ ಹಿಡಿದು, ಬಿದ್ದು ಎದ್ದು ಎರಡು ವರ್ಷ ಹೆಣಗಿ ನಿಲ್ಲುವುದನ್ನು ಕಲಿತಿದ್ದಳು. ಹಿತ್ತಲ ಆ ತುದಿಯವರೆಗೆ ತೆವಳಿದ ಮೇಲೆ ಅಂಗೈಗೆ ಅಂಟಿದ ಮಣ್ಣು ನೋಡಿದಳಂತೆ, ಮೈಯೆಲ್ಲ ಉರಿದುಹೋಯಿತಂತೆ. “ಥೂ ನನ್ ಜನ್ಮಕ್ಕೆ ಅಂತ ಎದ್ದ್ ನಿಂತ್ಕೊಂಡೆ ಗಂಗಾಧರಣ್ಣ” ಎಂದಳು.

ಎದ್ದು ನಿಂತವಳು ನೇರ ಶಂಕರಮ್ಮನ ಮನೆಗೆ ಹೋದಳು, ಅಲ್ಲಿಂದ ನಮ್ಮ ಮನೆಗೆ. ನೀವಿಬ್ಬರೂ ನನ್ನ ಜೊತೆ ಬಂದು ಹೇಳಿದ್ದು ಸುಳ್ಳು ಎಂದು ಅಮಲ್ದಾರರ ಮುಂದೆ ಹೇಳಬೇಕು ಎಂದಳು. ನಾನು ಒಪ್ಪಿದೆ. ಶಂಕರಮ್ಮ ಒಪ್ಪಲಿಲ್ಲ.

“ಊರ ಹೆಣ್ಮಗಳ ಐಬು ನನ್ ಬಾಯಾಗೆ ಆಡ್ಸಬ್ಯಾಡ ಕಣೇ” ಎಂದು ಅತ್ತಳು. “ಅಷ್ಟ್ ಜನದ ಮುಂದೆ ಕುಂಟಿ ಅನ್ಲಾ?”

“ಅನ್ನು. ನಾನು ಕುಂಟೀನೇ. ನಿನಗೆ ನಾಚ್ಕೆ ಆದ್ರೆ ಅದು ನಿನ್ ಪಾಡು, ನನಗಿಲ್ಲ.”

ಹಾಜರಾಗಬೇಕಾದ ದಿನ ಅವಳು ಉಟ್ಟಿದ್ದು ಯುಗಾದಿಗೆ ತಂದ ಹಸಿರು ಸೀರೆ. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದಿದ್ದಳು, ಹಣೆಯಲ್ಲಿ ವಿಭೂತಿ. ದೇವೀರಪ್ಪ ನೋಡಿ ಹಣೆ ಚಚ್ಚಿಕೊಂಡ. ಕೊನೆಗೆ ಶಂಕರಮ್ಮನೂ ಹೊರಟಳು; ನಾಲ್ವರೂ ಅಜ್ಜಂಪುರಕ್ಕೆ ಬಂದು, ಅಲ್ಲಿ ತಾಲ್ಲೂಕು ಕಚೇರಿ ಇರುವ ತರೀಕೆರೆಯ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಅವಳ ಕೈ ನೋಡಿದೆ, ಗೆಣ್ಣುಗಳು ಬೆಳ್ಳಗಾಗಿದ್ದವು. ಧೈರ್ಯವಂತರಿಗೆ ಹೆದರಿಕೆ ಇರುವುದಿಲ್ಲ ಎನ್ನುವವರು ಅವತ್ತು ಆ ಬಸ್ಸಿನಲ್ಲಿರಬೇಕಿತ್ತು.

ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕಾಯಿಸಿದರು. ಕರೆದಾಗ ಐದು ಮೆಟ್ಟಿಲನ್ನೂ ಮೊಣಕಾಲು ಅದುಮಿ ಅದುಮಿ ಹತ್ತಿದಳು. ಅಮಲ್ದಾರರು ನಡುವಯಸ್ಸಿನವರು, ಸುಸ್ತಾದ ಮುಖ. ಬೋರಿಂಗಿನ ಹತ್ತಿರ ಬಂದಿದ್ದ ಅದೇ ಬಿಳಿ ಅಂಗಿಯ ರೆವಿನ್ಯೂ ಇನ್ಸ್‌ಪೆಕ್ಟರು ಪಕ್ಕದಲ್ಲಿ ನಿಂತು ತನ್ನ ವರದಿ ಓದಿದ. ಅಮಲ್ದಾರರು ಶಂಕರಮ್ಮನನ್ನು ಕೇಳಿದರು:

“ಏನಮ್ಮ, ನೀನೇ ಹೇಳಿದ್ದಾ ಇದನ್ನ?”

“ನಾನೇ ಬುದ್ಧಿ.”

“ನಿಜಾನಾ?”

ಶಂಕರಮ್ಮ ಕರಿಬಸಮ್ಮನ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಒಮ್ಮೆಗೇ ರೇಗಿದಳು. “ಸುಳ್ಳು ಬುದ್ಧಿ. ಎಲ್ಲ ಸುಳ್ಳು. ಹೆಣ್ ಕೇಳಕ್ ಬಂದೌನೆ ಅಂತ ಹೇಳ್ದೆ. ಹೆಣ್ ಕೇಳಕ್ ಬಂದೋರ್ಗೆ ನಿಜ ಹೇಳೋರು ಯಾರವ್ರೆ? ನಿಮ್ಮನೇಲಿ ಹೇಳ್ತೀರಾ?”

ಗುಮಾಸ್ತರು ನಕ್ಕರು. ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ಅಮಲ್ದಾರರೂ ನಗು ತಡೆದುಕೊಂಡು, ಕರಿಬಸಮ್ಮನ ಕಡೆ ತಿರುಗಿ, “ಆ ಗೋಡೆಯಿಂದ ಈ ಗೋಡೆ ತನಕ ಸ್ವಲ್ಪ ನಡೆದು ತೋರಿಸಮ್ಮ” ಎಂದರು.

“ಸಂತೇಲಿ ದನ ನಡೆಸ್ದಂಗೆ ನಡೆಸಬ್ಯಾಡಿ ಸ್ವಾಮಿ” ಎಂದಳು ಕರಿಬಸಮ್ಮ. “ನೀರ್ ಹೊರ್ತೀನಿ ಅಂತ ತಾನೇ ಬರ್ದಿರೋದು? ಒಂದ್ ಕೊಡ ಕೊಡ್ಸಿ.”

ದೇವೀರಪ್ಪ ಅವಳ ತೋಳು ಹಿಡಿದ. ಕೊಡವಿಕೊಂಡಳು. ಅಮಲ್ದಾರರು ಒಂದು ನಿಮಿಷ ಯೋಚಿಸಿ, ಕೊಡಿಸಿ ಎಂದರು. ಪೇದೆ ವರಾಂಡದಲ್ಲಿದ್ದ ಹಿತ್ತಾಳೆ ಕೊಡ ತಂದುಕೊಟ್ಟ. ಅಂಗಳದ ನಲ್ಲಿಯಲ್ಲಿ ಕಂಠದವರೆಗೆ ತುಂಬಿಸಿ ಬಲಸೊಂಟಕ್ಕೆ ಏರಿಸಿದಳು. ಎಡಗೈ ಮೊಣಕಾಲ ಮೇಲೆ. ಒಂದು ಹೆಜ್ಜೆಗೆ ಒಂದು ಬಗ್ಗುವುದು, ಒಂದು ಬಗ್ಗಿದ್ದಕ್ಕೆ ಇಷ್ಟು ನೀರು ಚೆಲ್ಲುವುದು. ಕಚೇರಿಗೆ ಬಂದಿದ್ದ ಜನವೆಲ್ಲ ದಾರಿ ಬಿಟ್ಟು ನಿಂತರು. ಮೆಟ್ಟಿಲಲ್ಲಿ ಇಬ್ಬರು ಕೈ ಕೊಡಲು ಹೋದರೆ ಬೇಡ ಎಂದಳು. ಹಸಿರು ಸೀರೆ ಸೊಂಟದಿಂದ ಕೆಳಗೆ ಪೂರ್ತಿ ತೊಯ್ದಿತ್ತು. ಬಂದು ಅಮಲ್ದಾರರ ಮೇಜಿನ ಪಕ್ಕದಲ್ಲಿ ಕೊಡ ಇಳಿಸಿದಳು. ಅದರಲ್ಲಿ ಅರ್ಧವೂ ಇರಲಿಲ್ಲ.

“ಇದು ನನ್ನ ಒಂದ್ ಕೊಡ” ಎಂದಳು ಏದುಸಿರು ಬಿಡುತ್ತ. “ಹೊರ್ತೀನಿ. ಹೊರಲ್ಲ ಅಂತ ನಾನು ಹೇಳಲ್ಲ. ನೀವು ದುಡ್ಡು ಕೊಟ್ಟಿದ್ದು ಕಾಲಿಲ್ಲ ಅಂತ. ಕೈ ಇಲ್ಲ, ಮಾನ ಇಲ್ಲ ಅಂತಲ್ಲ.”

ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು, ಹೇಳಲು ನನಗೇನೂ ಸಂಕೋಚವಿಲ್ಲ.

ಅಮಲ್ದಾರರು ಗುಮಾಸ್ತನಿಗೆ ಹೊಸ ಹೇಳಿಕೆ ಬರೆದುಕೊಳ್ಳಲು ಹೇಳಿದರು. ಅವನು ಬರೆದು, ಹೆಬ್ಬೆಟ್ಟಿನ ಮಸಿಡಬ್ಬಿಯನ್ನು ಮುಂದೆ ತಳ್ಳಿದ. ಅವಳು ಡಬ್ಬಿ ಪಕ್ಕಕ್ಕೆ ಸರಿಸಿ ಕಾಗದ ಎತ್ತಿಕೊಂಡು ಓದಿದಳು. “ಎಡಗಾಲು ಸ್ವಾಧೀನವಿಲ್ಲದೆ ಯಾವ ಕೆಲಸವನ್ನೂ ಮಾಡಲಾರದ ಅಶಕ್ತಳಾಗಿರುತ್ತಾಳೆ” ಎಂದಿತ್ತು.

“ಇದೂ ಸುಳ್ಳು” ಎಂದಳು.

ದಡ ಮುಟ್ಟಿದ ಮೇಲೆ ಇದೇನು ಹಟ? ದೇವೀರಪ್ಪ, “ಹಾಕ್ಬಿಡೇ ತಾಯಿ, ನಿನ್ ಕಾಲಿಗ್ ಬೀಳ್ತೀನಿ” ಎಂದ.

“ಆ ಸುಳ್ಳಿಗೆ ದುಡ್ಡು ನಿಂತೋಯ್ತು. ಈ ಸುಳ್ಳಿಗೆ ಸಹಿ ಹಾಕುದ್ರೆ, ಮುಂದಿನ್ ವರ್ಷ ಯಾರೋ ಬಂದು ನಾನು ರೊಟ್ಟಿ ತಟ್ಟೋದ್ ನೋಡಿ ಕಳ್ಳಿ ಅಂತಾರೆ. ಇನ್ನೂ ಎಷ್ಟ್ ವರ್ಷ ಮೊರ ಮುಚ್ಕೊಂಡ್ ಕೂತ್ಕೊಳ್ಲಿ ಅಣ್ಣ?” ಎಂದು ಅಮಲ್ದಾರರ ಕಡೆ ತಿರುಗಿದಳು. “ಇರೋದ್ನೇ ಬರೀರಿ ಸ್ವಾಮಿ. ಎಡಗಾಲಿಗೆ ಬಲ ಇಲ್ಲ. ಕೂತು ಮಾಡೋ ಕೆಲ್ಸ ಮಾಡ್ತಾಳೆ. ಅಂಥ ಕೂಲಿ ವರ್ಷಕ್ಕೆ ಎರಡು ತಿಂಗಳು ಸಿಗ್ತೈತೆ, ಹತ್ತು ತಿಂಗಳು ಸಿಗಲ್ಲ.”

“ನೋಡಮ್ಮ, ಹಾಗೆ ಬರೆದ್ರೆ ಮೇಲಿನವರು ಒಪ್ತಾರೋ ಇಲ್ವೋ ನಾನು ಹೇಳಕ್ಕಾಗಲ್ಲ” ಎಂದರು ಅಮಲ್ದಾರರು. ಬೆದರಿಸುವ ದನಿಯಲ್ಲ ಅದು, ನಿಜವಾಗಿ ಎಚ್ಚರಿಸುವ ದನಿ. “ಇದಕ್ಕೆ ಸಹಿ ಹಾಕಿದ್ರೆ ಖಂಡಿತ ಬರುತ್ತೆ.”

ಎರಡನೇ ಲೋಟ, ಅಣ್ಣನ ಮುಖ, ಬಾಗಿಲ ಚೌಕಟ್ಟು, ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು.

“ಇರೋದ್ನೇ ಬರೀರಿ” ಎಂದಳು ಮತ್ತೆ.

ಬರೆದರು. ಓದಿದಳು. ಪೂರ್ತಿ ಹೆಸರು, ಊರು ಬರೆದು ಸಹಿ ಹಾಕಿದಳು. ಡಾಕ್ಟರ ಹೊಸ ಸರ್ಟಿಫಿಕೇಟು ತಂದು ಸೇರಿಸಿ ಎಂದರು, ಅದನ್ನೂ ಮಾಡಿದಳು.

ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು. ದೇವೀರಪ್ಪ ತಂಗಿಯ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಪಂಚನಹಳ್ಳಿಯ ಕಡೆಯವರು ಬರಲೇ ಇಲ್ಲ. ಅವಳು ಮಾತ್ರ ಬೀದಿಗೆ ಕಾಣುವ ಹಾಗೆ ಜಗಲಿಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಮುಖ ಬಾಡಿತ್ತು, ಕೈ ನಿಲ್ಲುತ್ತಿರಲಿಲ್ಲ.

ನವೆಂಬರಿನ ಎರಡನೇ ವಾರ ಮನಿಯಾರ್ಡರ್ ಬಂತು. ನಾನು ಸೈಕಲ್ ತುಳಿದ ವೇಗಕ್ಕೆ ಚೈನು ಎರಡು ಸಲ ಬಿದ್ದಿತು. ವಿಮಲಮ್ಮ ಒಳಗಿನಿಂದ ಓಡಿಬಂದಳು, ನಾದಿನಿಯ ಭುಜ ಹಿಡಿದು ಅತ್ತೇಬಿಟ್ಟಳು. ಕರಿಬಸಮ್ಮ ಸಹಿ ಹಾಕಿ ದುಡ್ಡು ತೆಗೆದುಕೊಂಡು, ಫಾರಂನ ಚೂರನ್ನು ಹಿಂದೆ ಮುಂದೆ ತಿರುಗಿಸಿ ಓದಿದಳು.

“ಇದು ಈ ತಿಂಗಳದ್ದು. ಜೂನಿಂದ ಐದು ತಿಂಗಳದ್ದು ಎಲ್ಲಿ?”

“ಅದು ಬಂದಿಲ್ಲ ಕಣಮ್ಮ” ಎಂದೆ. “ಇಷ್ಟಾದ್ರೂ ಬಂತಲ್ಲ, ಸುಮ್ನಿರು. ಕೆದಕಿದ್ರೆ ಇದನ್ನೂ ನಿಲ್ಲಿಸ್ಬಿಟ್ಟಾರು.”

“ಐದ್ ವರ್ಷ ಹಂಗಂದ್ಕೊಂಡೇ ಸುಮ್ನಿದ್ದೆ ಗಂಗಾಧರಣ್ಣ. ಆ ಐದು ತಿಂಗಳೂ ನನ್ ಕಾಲು ಹಿಂಗೇ ಇತ್ತು. ಚೀಲದಾಗೆ ಕಾರ್ಡಿದ್ರೆ ಒಂದ್ ಕೊಡು.”

ಕೊಟ್ಟೆ. ಮೊರವನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕಾರ್ಡಿಟ್ಟು ಅಮಲ್ದಾರರಿಗೆ ಬರೆದಳು. ಒಂದು ಅಕ್ಷರ ಹೊಡೆದುಹಾಕಲಿಲ್ಲ. ಬರೆದು ನನ್ನ ಕೈಗೆ ಕೊಟ್ಟು, ಇವತ್ತೇ ಹಾಕು ಎಂದಳು. ನನ್ನ ಚೀಲದಲ್ಲಿ ಇನ್ನೂ ಮೂರು ಹಳ್ಳಿಯ ಟಪಾಲಿತ್ತು. ಅದನ್ನು ಹಾಗೇ ಬಿಟ್ಟು, ಮೊದಲು ಶಿವನಿಯ ಟಪಾಲು ಕಚೇರಿಗೆ ವಾಪಸು ಹೋಗಿ ಆ ಕಾರ್ಡಿಗೆ ಮುದ್ರೆ ಒತ್ತಿಸಿದೆ.